ಎರಡು ಸರ್ವರ್, ಒಂದು ರಂಗೋಲಿ

ರಾಮನಗರ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನೂಲು ಬಿಚ್ಚುವವರ ಒಲೆಗಳು ಆಗಲೇ ಹೊತ್ತಿಕೊಂಡಿವೆ. ಗೂಡು ಬೇಯುವ ವಾಸನೆ ಹೊಸಬರ ಮೂಗು ಮುಚ್ಚಿಸುತ್ತದೆ, ಊರಿನವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಪಕ್ಕದ ಕೈಲಾಂಚ ಹಳ್ಳಿಯಿಂದ ಸ್ಕೂಟಿಯಲ್ಲಿ ಬಂದ ಶ್ವೇತ ಮಹಡಿ ಮೆಟ್ಟಿಲು ಹತ್ತಿ, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಬೀಗ ತೆಗೆದು ತಣ್ಣನೆಯ ಸಣ್ಣ ಕೋಣೆಯೊಳಗೆ ಕಾಲಿಡುತ್ತಾರೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಕ್ಕಪಕ್ಕ ಕೂತ ಎರಡು ಕಪ್ಪು ಡಬ್ಬಗಳು ಗುಂಯ್ ಎನ್ನುತ್ತಿವೆ. ಎರಡರ ಬೆನ್ನ ಮೇಲೂ ಅಂಗೈ ಇಟ್ಟು ಬಿಸಿ ನೋಡುತ್ತಾರೆ. ಆಮೇಲೆ, ಚೆನ್ನಾಗಿಯೇ ಓಡುತ್ತಿರುವ ಎಡಗಡೆಯ ಡಬ್ಬದ ವೈರನ್ನು ಹಿಡಿದು ಗೋಡೆಯಿಂದ ಕಿತ್ತೇಬಿಡುತ್ತಾರೆ.

ನೋಡುವವರಿಗೆ ಇದೇನು ಹುಚ್ಚು ಎನಿಸುತ್ತದೆ. ಶ್ವೇತ ಮಾತ್ರ ನಿಶ್ಚಿಂತೆಯಿಂದ ಮೇಜಿನ ಕಡೆ ತಿರುಗುತ್ತಾರೆ. ಅಲ್ಲಿ ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಮೀಟಿಂಗ್ ತೆರೆದಿದೆ. ಒಂದರ ಕ್ಯಾಮೆರಾದ ಮುಂದೆ ಚನ್ನಪಟ್ಟಣದ ತಲೆಯಾಡಿಸುವ ಬೊಂಬೆ, ಇನ್ನೊಂದರ ಪರದೆಯಲ್ಲಿ ಅದೇ ಬೊಂಬೆಯ ಚಿತ್ರ. ವೈರು ಕಿತ್ತೊಡನೆ ಪರದೆಯ ಬೊಂಬೆ ಕತ್ತು ವಾರೆ ಮಾಡಿಕೊಂಡು ಒಂದು ಗಳಿಗೆ ಹಾಗೇ ನಿಲ್ಲುತ್ತದೆ. ಮತ್ತೆ ಏನೂ ಆಗಿಲ್ಲವೆಂಬಂತೆ ಹೌದು ಹೌದು ಎಂದು ತಲೆಯಾಡಿಸತೊಡಗುತ್ತದೆ.

"ನೋಡುದ್ರಾ, ಬಲಗಡೆಯೋನು ವಹಿಸ್ಕಂಡ" ಎಂದು ನಗುತ್ತಾರೆ ಶ್ವೇತ. "ದಿನಾ ಬೆಳಗ್ಗೆ ಒಂದನ್ನ ಬೀಳಿಸ್ತೀನಿ. ಇವತ್ತು ಎಡಗಡೆದು, ನಾಳೆ ಬಲಗಡೆದು. ಯಾವತ್ತೋ ತಾನಾಗೇ ಬಿದ್ದಾಗ ಗಾಬರಿ ಆಗೋದಕ್ಕಿಂತ ನಾನೇ ಬೀಳ್ಸಿ ನೋಡ್ಬುಟ್ರೆ ನೆಮ್ಮದಿ."

ಈ ಡಬ್ಬಗಳನ್ನು ಸರ್ವರ್ ಎನ್ನುತ್ತಾರೆ. ರಾಮನಗರದಲ್ಲಿ ನೂಲು ಬಿಚ್ಚುವವರು, ಚನ್ನಪಟ್ಟಣದ ಬೊಂಬೆ ಮಾಡುವವರು, ಕನಕಪುರದ ರೇಷ್ಮೆ ಬೆಳೆಗಾರರು, ಮಾಗಡಿ ಕಡೆಯ ಮಗ್ಗದವರು ಸೇರಿ ಕಟ್ಟಿಕೊಂಡಿರುವ ಮಾರಾಟ ಒಕ್ಕೂಟದ ಆಸ್ತಿ ಇವು. ನಾಲ್ಕೂ ಊರಲ್ಲಿ ಒಕ್ಕೂಟದ ಒಂದೊಂದು ಕೋಣೆ, ಕೋಣೆಗೊಂದು ಕಂಪ್ಯೂಟರ್, ಕ್ಯಾಮೆರಾ, ಮೈಕು. ಮುಂಬಯಿಯ ಅಂಗಡಿಯವರಿಂದ ಹಿಡಿದು ಜರ್ಮನಿಯ ಆಟಿಕೆ ವ್ಯಾಪಾರಿಗಳವರೆಗೆ ಕೊಳ್ಳುವವರೆಲ್ಲ ಕೂತಲ್ಲಿಂದಲೇ ಇಲ್ಲಿನವರ ಜೊತೆ ಮುಖ ನೋಡಿಕೊಂಡು ಮಾತನಾಡುತ್ತಾರೆ. ಎಲ್ಲರ ದನಿ, ಎಲ್ಲರ ಚಿತ್ರ ಈ ಕೋಣೆಗೆ ಬಂದು ಇಲ್ಲಿಂದ ಎಲ್ಲರಿಗೂ ಹಂಚಿಹೋಗುತ್ತದೆ. ಇಲ್ಲಿ ನಿಂತರೆ ಅಲ್ಲೆಲ್ಲ ಬಾಯಿ ಕಟ್ಟಿದ ಹಾಗೆ.

ಮೊದಲೆಲ್ಲ ಒಂದು ಬೊಂಬೆಯ ಮಾದರಿ ಪಾರ್ಸೆಲ್ಲಿನಲ್ಲಿ ಹೋಗಿ, ಕಿವಿ ದಪ್ಪವಾಯಿತು ಎಂಬ ಉತ್ತರ ಬಂದು, ಕಿವಿ ಕೆತ್ತಿಸಿಕೊಂಡು ಮತ್ತೆ ಹೋಗುವಷ್ಟರಲ್ಲಿ ಕೊಳ್ಳುವವರ ಊರಿನ ಹಬ್ಬವೇ ಮುಗಿದಿರುತ್ತಿತ್ತು. ಈಗ ಚನ್ನಪಟ್ಟಣದ ವಹಾಬ್ ಕ್ಯಾಮೆರಾದ ಮುಂದೆಯೇ ಪುಟ್ಟ ಯಂತ್ರದಲ್ಲಿ ಮರ ತಿರುಗಿಸಿ, ಅರಗು ಹಚ್ಚಿ, ಕಿವಿಯನ್ನು ಅವರ ಕಣ್ಣೆದುರೇ ತೆಳ್ಳಗೆ ಮಾಡಿ ತೋರಿಸುತ್ತಾರೆ. ಮೂವತ್ತು ವರ್ಷದಿಂದ ಬೊಂಬೆ ಮಾಡುತ್ತಿರುವ ಈ ಮನುಷ್ಯನಿಗೆ ಕ್ಯಾಮೆರಾ ಎಂದರೆ ಈಗ ನೀರು ಕುಡಿದಷ್ಟು ಸಲೀಸು. ದಿನಕ್ಕೆ ಆರೇಳು ಮೀಟಿಂಗ್ ನಡೆಯುತ್ತವೆ, ಹಬ್ಬಗಳ ಮುಂಚೆ ಅದರ ಎರಡರಷ್ಟು.

ಇಷ್ಟನ್ನೂ ಕಾಯುವ ಶ್ವೇತ ಅವರ ಹೆಸರು ಯಾವ ಮೀಟಿಂಗಿನಲ್ಲೂ ಬರುವುದಿಲ್ಲ. ಕೊಳ್ಳುವವರಿಗೆ ವಹಾಬ್ ಗೊತ್ತು, ಒಕ್ಕೂಟದ ಕಾರ್ಯದರ್ಶಿ ಜಯಕುಮಾರ್ ಗೊತ್ತು. ಕೈಲಾಂಚದ ನೆಂಟರಿಗಂತೂ ಶ್ವೇತ ಮಾಡುವ ಕೆಲಸವೇನೆಂದು ಇವತ್ತಿಗೂ ಬಗೆಹರಿದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

"ಏನೂ ಆಗ್ದಂಗೆ ನೋಡ್ಕಳದು ಅಂತೀನಿ. 'ಅಂಗಾರೆ ಏನೂ ಕೆಲ್ಸ ಇಲ್ಲ ಅನ್ನು' ಅಂತ ಇನ್ನೊಂದು ಹೋಳಿಗೆ ಹಾಕುಸ್ಕತಾರೆ" ಎಂದು ಹೇಳುವಾಗ ಶ್ವೇತ ಅವರಿಗೇ ನಗು ತಡೆಯಲಾಗುವುದಿಲ್ಲ.

ಅವರದು ರಾಗಿ, ಹಿಪ್ಪುನೇರಳೆ, ಎರಡು ಹಸುವಿನ ಮನೆ. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡುವಾಗ ಬೆಳಗಿನ ಬಸ್ಸು ಹಿಡಿಯುವ ಮೊದಲು ರೇಷ್ಮೆಹುಳಕ್ಕೆ ಒಂದು ಸರ್ತಿ ಸೊಪ್ಪು ಹಾಕಿಯೇ ಬರಬೇಕಿತ್ತು. ಬಿಡದಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಮೂರು ವರ್ಷ ದುಡಿದರು. ಪಾಳಿಯ ಕೆಲಸ, ಅರ್ಧ ನಿದ್ದೆ, ಹೋಗಿ ಬರುವುದಕ್ಕೇ ಅರ್ಧ ಆಯುಷ್ಯ. ಒಕ್ಕೂಟ ಕರೆದಾಗ ಎರಡನೇ ಮಾತಾಡದೆ ಬಂದರು. ಬಂದ ಹೊಸತರಲ್ಲಿ ಇದ್ದದ್ದು ಒಂದೇ ಸರ್ವರ್. ಅದು ಬಿಸಿಲಿಗೆ ಬೆವರಿ ಮಲಗಿದಾಗಲೆಲ್ಲ ನಾಲ್ಕು ಊರಿಂದ ಫೋನಿನ ಸುರಿಮಳೆ. ಎರಡನೆಯದು ಬೇಕೆಂದು ಜಯಕುಮಾರ್ ಅವರ ಬೆನ್ನು ಬಿದ್ದು, ಬೇಡಿ, ಕಾಡಿ ತರಿಸಿಕೊಂಡರು. ಅದು ಬಂದ ದಿನ ಮೆಟ್ಟಿಲ ಮೇಲೆ ತಾವೇ ಹೊತ್ತು ತಂದರಂತೆ, ಯಾರ ಕೈಗೂ ಕೊಡದೆ.

ಎರಡು ಡಬ್ಬಗಳ ನಡುವೆ ಒಂದು ತೆಳ್ಳನೆಯ ನೀಲಿ ವೈರು ಇದೆ. ಅದರೊಳಗೆ ಅವು ಸದಾ ಒಂದನ್ನೊಂದು ವಿಚಾರಿಸಿಕೊಳ್ಳುತ್ತಿರುತ್ತವೆ. ಇದ್ದೀಯಾ ಎಂದು ಒಂದು, ಇದ್ದೀನಿ ಎಂದು ಇನ್ನೊಂದು. ಯಾರು ಮೀಟಿಂಗಿನಲ್ಲಿದ್ದಾರೆ, ಎಲ್ಲಿವರೆಗೆ ಮಾತಾಯಿತು ಎಂಬುದೂ ಅದರಲ್ಲೇ ದಾಟುತ್ತದೆ. ಉತ್ತರ ಬರದಿದ್ದರೆ ಜೊತೆಯವನು ಬಿದ್ದ ಎಂದು ತಿಳಿದು ಇನ್ನೊಂದು ಆ ಕೆಲಸವನ್ನು ಎತ್ತಿಕೊಳ್ಳುತ್ತದೆ. ಎಲ್ಲ ಸರಿಯಾಗಿತ್ತು, ಕಳೆದ ವರ್ಷದ ಆಯುಧ ಪೂಜೆ ಬರುವವರೆಗೆ.

ಅದು ಎರಡು ಸಾವಿರದ ಏಳನೇ ಇಸವಿ, ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಊರಿಗೆ ಊರೇ ಉಬ್ಬಿಕೊಂಡಿದ್ದ ಹಬ್ಬ. ನೂಲು ಬಿಚ್ಚುವ ಯಂತ್ರಕ್ಕೂ, ತಕ್ಕಡಿಗೂ, ಲಾರಿಗೂ ಪೂಜೆ ನಡೆಯುವಾಗ ಒಕ್ಕೂಟದ ಸರ್ವರ್‌ಗೆ ಬೇಡವೇ? ಆದರೆ ಜರ್ಮನಿಯಲ್ಲಿ ಆಯುಧ ಪೂಜೆ ಇಲ್ಲ. ವಹಾಬ್ ಮಾಡಿದ ಹೊಸ ರೈಲು ಬೊಂಬೆಯನ್ನು ನೋಡಲು ಅಲ್ಲಿನವರು ಮಧ್ಯಾಹ್ನಕ್ಕೆ ಮೀಟಿಂಗ್ ಇಟ್ಟುಕೊಂಡಿದ್ದರು. ಕ್ಯಾಮೆರಾ ಸರಿಮಾಡಿಕೊಡಲು ಶ್ವೇತ ಚನ್ನಪಟ್ಟಣಕ್ಕೆ ಹೋದರು. ಇತ್ತ ಜಯಕುಮಾರ್ ಸ್ನಾನ ಮಾಡಿ, ಶಲ್ಯ ಹೊದ್ದು, ಸ್ಟ್ಯಾಂಡಿಗೆ ಬಾಳೆಕಂದು ಕಟ್ಟಿಸಿ, ಎರಡು ಡಬ್ಬಕ್ಕೂ ಮೂರು ಬೆರಳಿನ ವಿಭೂತಿ ಎಳೆದರು. ಸೇವಂತಿಗೆ ಹಾರ ಹಾಕಲು ಹೋದಾಗ ನೀಲಿ ವೈರು ಅಡ್ಡ ಬಂತು. ಪೂಜೆ ಮುಗಿಯುವವರೆಗೆ ತಾನೆ ಎಂದು ಅದನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟರು.

"ಕರೆಂಟಿನ ವೈರ್ ಮುಟ್ಟಿಲ್ಲ, ದೇವ್ರಾಣೆಗೂ!" ಎಂದು ಜಯಕುಮಾರ್ ಈಗಲೂ ಕೈ ಮುಗಿದು ಹೇಳುತ್ತಾರೆ. "ಎಲ್ಡ್ರಲ್ಲೂ ಹಸ್ರು ದೀಪ ಉರೀತಿತ್ತು. ಎಂಥಾ ಲಕ್ಷಣ ಅಂತ ಇನ್ನೊಂದು ಕಾಯಿ ಹೊಡ್ದೆ."

ಹಸಿರು ದೀಪ ಉರಿದದ್ದೇ ಎಡವಟ್ಟು. ನೀಲಿ ವೈರು ಹೋದ ಮೇಲೆ ಎಡಗಡೆಯ ಡಬ್ಬ ಬಲಗಡೆಯದು ಸತ್ತಿತು ಎಂದುಕೊಂಡಿತು, ಬಲಗಡೆಯದೂ ಹಾಗೇ ಅಂದುಕೊಂಡಿತು. ಎರಡೂ ಅದೇ ಮೀಟಿಂಗನ್ನು ತಾವೇ ನಡೆಸಲು ಹೊರಟವು. ಚನ್ನಪಟ್ಟಣದವರು ಒಂದರೊಳಗೆ ಹೋದರು, ಜರ್ಮನಿಯವರು ಇನ್ನೊಂದರೊಳಗೆ. ರೈಲು ಬೊಂಬೆ ಕೈಯಲ್ಲಿ ಹಿಡಿದ ವಹಾಬ್ ಖಾಲಿ ಪರದೆ ನೋಡುತ್ತ ಕೂತರು. ಅಲ್ಲಿ ಅವರೂ ಖಾಲಿ ಪರದೆ ನೋಡುತ್ತ ಕೂತಿದ್ದರು. ಇಬ್ಬರಿಗೂ ಇನ್ನೊಬ್ಬರು ಬರಲಿಲ್ಲವಲ್ಲ ಎಂಬ ಸಿಟ್ಟು. ಕಾಯುವಷ್ಟು ಕಾದು ಜರ್ಮನಿಯವರು ಎದ್ದು ಹೋದರು. ಆ ರೈಲನ್ನು ಅವರು ಆ ವರ್ಷ ಕೊಳ್ಳಲಿಲ್ಲ.

ಶ್ವೇತ ಓಡಿಬಂದು ಬಾಗಿಲು ತೆರೆದಾಗ ಕಂಡದ್ದು ಊದುಬತ್ತಿಯ ಹೊಗೆ, ಹಾರ ತೊಟ್ಟ ಎರಡು ಡಬ್ಬ, ಬಾಳೆಲೆಯ ಮೇಲೆ ಸುರುಳಿ ಸುತ್ತಿಟ್ಟ ನೀಲಿ ವೈರು, ಅದಕ್ಕೂ ಒಂದು ಕುಂಕುಮದ ಬೊಟ್ಟು. ಅಳುವುದೋ ನಗುವುದೋ ತಿಳಿಯಲಿಲ್ಲವಂತೆ. ಜಯಕುಮಾರ್ ಪ್ರಸಾದ ಕೊಟ್ಟರು, ಶ್ವೇತ ತಿಂದರು.

ಮುಂದಿನ ವಾರ ಒಕ್ಕೂಟದ ಸಭೆ ಸೇರಿತು. ಇದನ್ನೆಲ್ಲ ಬೆಂಗಳೂರಿನ ಯಾವುದಾದರೂ ಕಂಪನಿಗೆ ಒಪ್ಪಿಸಿ, ರಾಮನಗರದ ಕೋಣೆಗೆ ಬೀಗ ಹಾಕುವುದು ವಾಸಿ ಎಂದು ಹೆಚ್ಚಿನವರು ಹೇಳಿದರು. ಬೀಗ ಬಿದ್ದರೆ ಶ್ವೇತ ಅವರ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು. ಅವರಿಗೆ ದುಃಖವಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಎಲ್ಲರೆದುರು ಎದ್ದು ನಿಂತು ಹೇಳಿದರು: "ಮುಂದಿನ ಆಯುಧ ಪೂಜೆವರ್ಗೂ ಬುಡಿ. ಅವತ್ತು ಒಸಿ ತೊಂದ್ರೆ ಆದ್ರೂ ನಾನೇ ಎಲ್ಡು ಡಬ್ಬನೂ ಬೆಂಗಳೂರು ಬಸ್ ಹತ್ತುಸ್ತೀನಿ. ಬೆಂಗಳೂರಲ್ಲಿದ್ರೆ ವಹಾಬಣ್ಣ ಬೈಯಕ್ಕೆ ಯಾರ್ ಹತ್ರ ಹೋಗ್ಬೇಕು? ಇಲ್ಲಾದ್ರೆ ಮೆಟ್ಲು ಹತ್ತಿ ಬಂದು ಬೈತಾರೆ, ನಾನು ಎದ್ದು ರಿಪೇರಿ ಮಾಡ್ತೀನಿ."

ಯಾರೋ ನಕ್ಕರು. ಒಂದು ವರ್ಷದ ಗಡುವು ಸಿಕ್ಕಿತು.

ಗಡುವು ಸಿಕ್ಕಿದ್ದೇನೋ ಹೌದು, ದಾರಿ ತಕ್ಷಣ ಸಿಗಲಿಲ್ಲ. ವೈರನ್ನು ಯಾರೂ ಮುಟ್ಟದಂತೆ ಕಟ್ಟಿಹಾಕಿದರೆ ಇಲಿ ಕಡಿಯಬಹುದು. ಇನ್ನೊಂದು ವೈರು ಎಳೆದರೆ ಅದೂ ಹೋಗಬಹುದು. ಒಂದು ಸಂಜೆ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಹಸಿದ ಹುಳಕ್ಕೆ ತಾಯಿಯ ಜೊತೆ ಸೊಪ್ಪು ಹಾಕುತ್ತ ಕೂತಿದ್ದರು. ಆ ಹಂತದ ಹುಳ ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತದೆ. ಮಗಳ ಮಂಕು ಮುಖ ನೋಡಿ ತಾಯಿ ಕಾವೇರಮ್ಮ ಏನೆಂದು ಕೇಳಿದರು. ಶ್ವೇತ ಎರಡು ಡಬ್ಬದ ಕತೆ ಹೇಳಿದರು.

"ಅಯ್, ಇದು ನಮ್ಮನೆ ಕತೆನೇ ಕಣವ್ವ!" ಎಂದರು ಕಾವೇರಮ್ಮ. "ರಂಗೋಲಿ ಕೊಚ್ಕಂಡೋದ ವರ್ಸ ನೆಪ್ಪಿಲ್ವಾ ನಿಂಗೆ?"

ಇವರ ಬೀದಿಯಲ್ಲಿ ಹಿಂದಿನಿಂದ ನಡೆದುಬಂದ ಒಂದು ಏರ್ಪಾಡಿದೆ. ಕಾವೇರಮ್ಮನ ಮನೆ, ಪಕ್ಕದ ಹುಚ್ಚಯ್ಯನ ಮನೆ, ಎರಡರಲ್ಲೂ ಹುಳ ಸಾಕುತ್ತಾರೆ. ಸಾವೋ ಹೆರಿಗೆಯೋ ಕಾಯಿಲೆಯೋ ಆದರೆ ಆ ಮನೆಯ ಹೊಸ್ತಿಲ ಮುಂದೆ ಬೆಳಗ್ಗೆ ರಂಗೋಲಿ ಬೀಳುವುದಿಲ್ಲ. ಪಕ್ಕದವರು ಅದನ್ನು ನೋಡಿ, ಕರೆಯುವವರೆಗೆ ಕಾಯದೆ, ಹಿತ್ತಲ ಬಾಗಿಲಿಂದ ಬಂದು ಹುಳಕ್ಕೆ ಸೊಪ್ಪು ಹಾಕಿ ಹೋಗುತ್ತಾರೆ. ಮನೆಯಲ್ಲಿ ಏನೇ ಆಗಲಿ, ಹುಳ ಉಪವಾಸ ಇರುವಂತಿಲ್ಲ.

ಶ್ವೇತ ಚಿಕ್ಕವರಿದ್ದಾಗ ಒಂದು ಮುಂಜಾನೆ ಬಿದ್ದ ಮಳೆಗೆ ಕಾವೇರಮ್ಮ ಹಾಕಿದ್ದ ರಂಗೋಲಿ ಕೊಚ್ಚಿಹೋಯಿತು. ಹುಚ್ಚಯ್ಯನ ಹೆಂಡತಿ ಖಾಲಿ ಹೊಸ್ತಿಲು ನೋಡಿ, ಪಾಪ ಏನಾಯಿತೋ ಎಂದು ಹಿತ್ತಲಿಂದ ಬಂದು ಹುಳದ ತಟ್ಟೆ ತುಂಬ ಸೊಪ್ಪು ಸುರಿದರು. ಕಾವೇರಮ್ಮ ಆಗಲೇ ಹಾಕಿ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದರು. ಮಳೆ ಹಿಡಿದ ಮೂರು ದಿನವೂ ಹೀಗೇ ನಡೆಯಿತು. ಎರಡು ಕೈಯ ಸೊಪ್ಪು ಬಿದ್ದು, ತಟ್ಟೆಯೆಲ್ಲ ಬೆವೆತು, ಆ ಸಲದ ಹುಳವೇ ಕೆಟ್ಟಿತು.

"ಅವ್ಳುದು ತಪ್ಪಾ? ಅಲ್ಲ. ನಂದೂ ಅಲ್ಲ" ಎಂದರು ಕಾವೇರಮ್ಮ. "ಆಮ್ಯಾಕೆ ದೊಡ್ಡಲಕ್ಷ್ಮಮ್ಮನ್ನ ಕೇಳಾಕೆ ಸುರು ಮಾಡುದ್ವು. ಅವತ್ತಿಂದ ಒಂದ್ಸಲವೂ ಕೆಟ್ಟಿಲ್ಲ."

ದೊಡ್ಡಲಕ್ಷ್ಮಮ್ಮನದು ಎದುರು ಮನೆ. ಬೆಳಕು ಹರಿಯುವ ಮುಂಚೆಯೇ ಜಗಲಿಯ ಮೇಲೆ ಬಂದು ಕೂರುವ ಹಿರಿಯಜ್ಜಿ. ಎರಡೂ ಮನೆಯ ಬಾಗಿಲು ಅವರ ಕಣ್ಣಿಗೆ ಬೀಳುತ್ತದೆ. ರಂಗೋಲಿ ಕಾಣದಿದ್ದರೆ ಪಕ್ಕದವರು ಮೊದಲು ಜಗಲಿಗೆ ಹೋಗಿ, ಅಜ್ಜಿ, ಅವರು ಎದ್ದಿದ್ದಾರಾ ಎಂದು ಕೇಳಬೇಕು. ಇಲ್ಲ ಎಂದರೆ ಮಾತ್ರ ಹಿತ್ತಲ ಬಾಗಿಲಿಗೆ ಹೋಗಬೇಕು.

ಶ್ವೇತ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದುನಿಂತರಂತೆ. "ಮೂರನೇದು ಒಂದಿರ್ಬೇಕು ಅಂತ ಪುಸ್ತಕದಲ್ಲೂ ಇತ್ತು. ಓದಿದ್ದೆ, ತಲೆಗೆ ಹೋಗಿರ್ಲಿಲ್ಲ. ಅಜ್ಜಿ ಜಗಲಿ ಮೇಲೆ ಕುಂತಿರೋದು ಕಣ್ಮುಂದೆ ಬಂತು ನೋಡಿ, ಎಲ್ಲಾ ಒಂದೇ ಏಟ್ಗೆ ಅರ್ಥ ಆಗೋಯ್ತು."

ಒಕ್ಕೂಟದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರ್ ಒಂದನ್ನು ಒರೆಸಿ ಎಬ್ಬಿಸಿದರು. ಅದನ್ನು ಈ ಕೋಣೆಯಲ್ಲಿ ಇಡಲಿಲ್ಲ. ಬೇರೆ ಊರು, ಬೇರೆ ಲೈನು ಇರಲಿ ಎಂದು ಚನ್ನಪಟ್ಟಣದಲ್ಲಿ ವಹಾಬ್ ಅವರ ಶೆಡ್ಡಿನ ಅಟ್ಟದ ಮೇಲೆ, ಅರಗಿನ ಪುಡಿ ಬೀಳದಂತೆ ಹಳೆಯ ಪಂಚೆ ಹೊದಿಸಿ ಕೂರಿಸಿದರು. ಅದು ಮೀಟಿಂಗ್ ನಡೆಸುವುದಿಲ್ಲ. ಎರಡು ಸರ್ವರ್‌ಗಳನ್ನು ದೂರದಿಂದ ನೋಡುತ್ತಿರುತ್ತದೆ, ಅಷ್ಟೆ. ನೀಲಿ ವೈರಿನಿಂದ ಉತ್ತರ ಬರದಿದ್ದರೆ ಈಗ ಸರ್ವರ್‌ಗಳು ತಾವೇ ತೀರ್ಮಾನಿಸುವಂತಿಲ್ಲ, ಅದನ್ನು ಕೇಳಬೇಕು. ಇಬ್ಬರೂ ಬದುಕಿದ್ದಾರೆ, ನೀನು ನಡೆಸು, ನೀನು ಸುಮ್ಮನಿರು ಎಂದು ಅದು ಹೇಳಿದಂತೆ ನಡೆಯಬೇಕು. ಜೊತೆಯವನೂ ಕಾಣದೆ ಅದೂ ಕಾಣದೆ ಹೋದರೆ, ತಾನೇ ಎಲ್ಲೋ ಕಳೆದುಹೋಗಿದ್ದೇನೆ ಎಂದು ತಿಳಿದು ಬಾಯಿ ಮುಚ್ಚಿಕೊಂಡಿರಬೇಕು. ಈ ಮೂರನೆಯದಕ್ಕೆ ಶ್ವೇತ ಇಟ್ಟ ಹೆಸರು ಲಕ್ಷ್ಮಮ್ಮ.

ಸುದ್ದಿ ಕೇಳಿ ದೊಡ್ಡಲಕ್ಷ್ಮಮ್ಮ ಕೇಳಿದ ಮೊದಲ ಪ್ರಶ್ನೆ ಊಟದ್ದು.

"ನನ್ ಹೆಸ್ರಿಟ್ಕಂಡಿರೋಳ್ಗೆ ಉಣ್ಣಾಕೆ ಏನ್ ಹಾಕೀಯೇ?"

"ಕರೆಂಟು ಕಣಜ್ಜಿ."

"ಹೋಗಿ ಬರೋ ಕರೆಂಟ್ ನಂಬ್ಕಂಡ್ರೆ ಉಪಾಸ ಸಾಯ್ತಾಳೆ ಕಣಮ್ಮಿ!"

ಮಾರನೆಯ ದಿನವೇ ಲಕ್ಷ್ಮಮ್ಮನ ಪಕ್ಕ ಒಂದು ಬ್ಯಾಟರಿ ಬಂದು ಕೂತಿತು.

ನೋಡನೋಡುತ್ತ ಈ ವರ್ಷದ ಆಯುಧ ಪೂಜೆ ಬಂತು. ಜಯಕುಮಾರ್ ಅವರಿಗೆ ಉಭಯಸಂಕಟ. ಪೂಜೆ ಮಾಡಲು ಭಯ, ಮಾಡದೆ ಬಿಡಲು ಇನ್ನೂ ಭಯ. ಡಬ್ಬಗಳಿಗೆ ದೂರದಿಂದ ಅಕ್ಷತೆ ಹಾಕಿ ಮುಗಿಸೋಣ ಎಂದರು. ಶ್ವೇತ ಒಪ್ಪಲಿಲ್ಲ. ಶಾಸ್ತ್ರೋಕ್ತವಾಗಿಯೇ ಆಗಲಿ, ಒಂದಾದ ಮೇಲೊಂದು ಸರ್ವರ್ ಆರಿಸಿ, ಧೂಳು ಒರೆಸಿ, ಹಾರ ಹಾಕೋಣ ಎಂದರು. ಯಾವಾಗ? ಮೀಟಿಂಗ್ ನಡೆಯುವಾಗಲೇ. ಯಾವ ಮೀಟಿಂಗ್? ಅದೇ ಜರ್ಮನಿಯವರದು, ಅವರು ಮತ್ತೆ ಬರುತ್ತಿದ್ದಾರಲ್ಲ.

"ತಲೆ ನೆಟ್ಟಗೈತೇನಮ್ಮ?" ಎಂದರು ಜಯಕುಮಾರ್.

ನಷ್ಟವಾದರೆ ಮೊದಲು ಆಗುವುದು ವಹಾಬ್ ಅವರಿಗೆ. ಹಾಗಾಗಿ ಅವರನ್ನೇ ಫೋನಿನಲ್ಲಿ ಕೇಳಿದರು. "ಮಾಡ್ಲಿ ಬುಡಿ ಸಾರ್" ಎಂದರು ವಹಾಬ್. "ಲಕ್ಷ್ಮಮ್ಮನ್ನ ವರ್ಷದಿಂದ ತಲೆ ಮೇಲೆ ಇಟ್ಕಂಡಿದೀನಿ. ಅವ್ಳು ಏನ್ ಮಾಡ್ತಾಳೆ ಅಂತ ನಾನೂ ಒಂದ್ ಕೈ ನೋಡ್ಬೇಕಲ್ಲ? ಬಂದ್ ಮಾಡೋ ಮುಂಚೆ ನಂಗೆ ಹೇಳ್ಬೇಡಿ ಅನ್ನಿ ಮೇಡಂಗೆ, ನಾನು ರೆಡಿಯಾಗೇ ಇರ್ತೀನಿ."

ಮಧ್ಯಾಹ್ನ ಮೀಟಿಂಗ್ ಶುರುವಾಯಿತು. ಪರದೆಯಲ್ಲಿ ವಹಾಬ್, ಅವರ ಕೈಯಲ್ಲಿ ಅದೇ ರೈಲು, ಈ ಸಲ ಕೆಂಪು ಚಕ್ರದ್ದು. ಕೋಣೆಯಲ್ಲಿ ಒಕ್ಕೂಟದವರೆಲ್ಲ ಪರದೆಗೆ ಕಣ್ಣು ನೆಟ್ಟು ನಿಂತಿದ್ದರು. ಶ್ವೇತ ಎಡಗಡೆಯ ಸರ್ವರ್ ಆರಿಸಿದರು. ವಹಾಬ್ ಅವರ ಕೈ ರೈಲಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಚಕ್ರ ತಿರುಗಿಸಿತು. ಡಬ್ಬಕ್ಕೆ ವಿಭೂತಿ, ಕುಂಕುಮ, ಹಾರ ಬಿದ್ದವು. ಅದನ್ನು ಮತ್ತೆ ಹಚ್ಚಿ, ತಪ್ಪಿಹೋದದ್ದನ್ನೆಲ್ಲ ಅದು ಜೊತೆಯವನಿಂದ ಕೇಳಿ ತಿಳಿದುಕೊಳ್ಳುವವರೆಗೆ ಕಾದರು. ಆಮೇಲೆ ಬಲಗಡೆಯದು. ಜರ್ಮನಿಯ ಹೆಂಗಸು ಹೊಗೆಕೊಳವೆ ಸ್ವಲ್ಪ ಮೊಂಡಾಗಲಿ ಎಂದರು, ವಹಾಬ್ ಅಲ್ಲೇ ಉಜ್ಜಿ ತೋರಿಸಿದರು.

ಎರಡಕ್ಕೂ ಹಾರ ಬಿದ್ದ ಮೇಲೆ ಶ್ವೇತ ನೀಲಿ ವೈರನ್ನು ತೋರಿಸಿ ಜಯಕುಮಾರ್ ಅವರಿಗೆ ಹೇಳಿದರು, "ಈಗ ಇದನ್ನ ಕೀಳಿ ಸಾರ್. ಹೋದ್ವರ್ಷ ಕಿತ್ತಂಗೇ ಕೀಳಿ."

ಜಯಕುಮಾರ್ ವೈರು ಹಿಡಿದರು. ಕಣ್ಣು ಮುಚ್ಚಿ ಕೆಂಗಲ್ ಹನುಮಂತರಾಯನನ್ನು ನೆನೆದು ಎಳೆದರು. ಹತ್ತು ಕಿಲೋಮೀಟರೋ ಹನ್ನೆರಡೋ, ಅಷ್ಟು ದೂರದಲ್ಲಿ ಪಂಚೆ ಹೊದ್ದು ಕೂತಿದ್ದ ಹಳೆಯ ಕಂಪ್ಯೂಟರ್ ಎರಡೂ ಕಡೆ ನೋಡಿತು. ಬಲಗಡೆಯ ಡಬ್ಬ ಸುಮ್ಮನಾಯಿತು, ಎಡಗಡೆಯದು ನಡೆಸುತ್ತ ಹೋಯಿತು. ಪರದೆಯ ಮೇಲೆ ರೈಲು ಮೇಜಿನ ಈ ತುದಿಯಿಂದ ಆ ತುದಿಗೆ ಓಡಿತು. ಅಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಸ್ವಲ್ಪ ಹೊತ್ತಿಗೆ ಶ್ವೇತ ಅವರ ಫೋನ್ ಹೊಡೆದುಕೊಂಡಿತು. ವಹಾಬ್ ಅವರ ದನಿಯಲ್ಲಿ ಆತಂಕವಿತ್ತು.

"ಏನ್ ಮೇಡಂ, ಯಾವಾಗ ಬಂದ್ ಮಾಡ್ತೀರಾ? ನಾನು ಕಾಯ್ಕಂಡೇ ಕುಂತಿದೀನಿ. ಅವ್ರು ರೈಲು ಒಪ್ಪಿ, ಬೈ ಹೇಳಿ ಎದ್ದೇ ಹೋದ್ರು!"

"ಮೂರ್ ಸಲ ಆಯ್ತು ವಹಾಬಣ್ಣ" ಎಂದರು ಶ್ವೇತ. ಹೇಳುತ್ತಿದ್ದಂತೆ ಅವರ ಕಣ್ಣು ತುಂಬಿಬಂತು, ಜೊತೆಗೇ ನಗುವೂ. ಜಯಕುಮಾರ್ ಹಿಂದಿನ ವರ್ಷದ ಹಾಗೆಯೇ ಇನ್ನೊಂದು ಕಾಯಿ ಹೊಡೆದರು. ಯಾವ ಬೆಂಗಳೂರಿನ ಕಂಪನಿಯೂ ಬೇಡ, ಈ ಕೋಣೆಗೆ ಬೀಗದ ಮಾತು ಇನ್ನು ಎತ್ತಬೇಡಿ ಎಂದು ಅಲ್ಲೇ ಎಲ್ಲರಿಗೂ ಸಾರಿದರು.

ಈಗ ಶ್ವೇತ ಅವರಿಗೆ ಇನ್ನೇನು ಆಸೆ ಎಂದರೆ ಅವರ ಉತ್ತರ ಚಿಕ್ಕದು. ಎರಡರಲ್ಲಿ ಒಂದು ಸರ್ವರ್ ಕನಕಪುರದಲ್ಲಿರಬೇಕು, ಈ ಕಟ್ಟಡಕ್ಕೇ ಏನಾದರೂ ಆದರೆ ಇರಲಿ ಎಂದು. ಮತ್ತೆ, ಮುಂದಿನ ಸಲ ಹುಳ ನಾಲ್ಕನೇ ಜ್ವರ ಎದ್ದಾಗ ಒಂದು ವಾರ ರಜೆ ಹಾಕಿ ತಾಯಿಯ ಜೊತೆ ಸೊಪ್ಪು ಹಾಕಬೇಕು. ಆ ವಾರದಲ್ಲಿ ಒಂದೂ ಫೋನ್ ಬರಬಾರದು.

ಪೂಜೆಯ ಮಾರನೆಯ ಬೆಳಗ್ಗೆ ಸ್ಕೂಟಿ ಹೊರತೆಗೆಯುವಾಗ ಎದುರು ಜಗಲಿಯಿಂದ ದೊಡ್ಡಲಕ್ಷ್ಮಮ್ಮ ಕೂಗಿ ಕೇಳಿದರಂತೆ, "ಏನಾಯ್ತಮ್ಮಿ ನಿನ್ನೆ?"

"ಏನೂ ಆಗ್ಲಿಲ್ಲ ಕಣಜ್ಜಿ!" ಎಂದು ಶ್ವೇತ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಒಂಚೂರೂ ಏನೂ ಆಗ್ಲಿಲ್ಲ!"

ಅಜ್ಜಿ ಎಲೆಅಡಿಕೆಯನ್ನು ದವಡೆಗೆ ಸರಿಸಿಕೊಂಡರು.

"ಮತ್ತೆ? ನಾನು ಕುಂತಿರ್ನಿಲ್ವಾ ಅಲ್ಲಿ?"